ಹೊಸ ಬಣ್ಣದ ಹಿಂದಿನ ಉಪ್ಪು

ಬೆಳಗಿನ ಐದೂವರೆ. ಭೀಮುನಿಪಟ್ಟಣದ ಬೆಸ್ತರ ದೋಣಿಗಳು ಇನ್ನೂ ದಡಕ್ಕೆ ಮರಳಿಲ್ಲ. ಕಡಲದಂಡೆಯಿಂದ ಎರಡು ಬೀದಿ ಒಳಗೆ, ಮೂವತ್ತೆರಡು ವರ್ಷದ ಹಳೆಯ ಮನೆಯೊಂದರ ನಡುಮನೆಯಲ್ಲಿ ಸುಲೋಚನಾ ನಿಂತಿದ್ದಾರೆ. ಗೋಡೆಗೆ ಹೊಚ್ಚಹೊಸ ಹಸಿರು ಬಣ್ಣ. ಅದರ ವಾಸನೆ ಇನ್ನೂ ಆರಿಲ್ಲ. ಅವರು ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯುವುದಿಲ್ಲ. ಮಗ್ಗುಲಿಗೆ ಒತ್ತಿ ಹಿಡಿದು, ಬೆಳಕು ಗೋಡೆಯ ಮೈಯನ್ನು ಸವರಿಕೊಂಡು ಹೋಗುವಂತೆ ಬಿಡುತ್ತಾರೆ. ನುಣ್ಣಗೆ ಕಂಡಿದ್ದ ಗೋಡೆಯ ಮೇಲೆ ಒಮ್ಮೆಲೇ ಗುಳ್ಳೆಗಳೂ ಉಬ್ಬುಗಳೂ ನೆರಳು ಚಾಚಿ ಏಳುತ್ತವೆ. ಒಂದು ಉಬ್ಬನ್ನು ಕರಣೆಯ ಮೂಲೆಯಿಂದ ಕೆರೆದು, ಉದುರಿದ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ನಾಲಗೆಗೆ ಇಡುತ್ತಾರೆ. ಕೂಡಲೇ ಕಿಟಕಿಯಾಚೆ ಉಗುಳುತ್ತಾರೆ.

"ಉಪ್ಪು. ಸಮುದ್ರದ ಉಸುಕು ಹಾಕಿ ಕಟ್ಯಾರ್ರಿ. ಇದ್ರಾಗಿನ ಕಬ್ಬಿಣ ಉಳದಿರ್ತದಂತ ನಾ ಹೇಳಂಗಿಲ್ಲ."

ಹೇಳುವುದು ಬಾಗಿಲಲ್ಲಿ ನಿಂತ ದಂಪತಿಗಳಿಗೆ. ತುಮಕೂರಿನ ಕಡೆಯ ರಮಾಕಾಂತ ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿ ಹಿರಿಯ ಅಧಿಕಾರಿ. ನಿವೃತ್ತಿಗೆ ಇನ್ನು ಎರಡು ವರ್ಷ. ಊರಿಂದೂರಿಗೆ ವರ್ಗವಾಗಿ ದಣಿದ ಅವರಿಗೂ ಮಡದಿ ಅನಸೂಯಾ ಅವರಿಗೂ ಕಡಲ ಬಳಿ ಒಂದು ಸ್ವಂತ ಸೂರಿನ ಆಸೆ. ಜೀವಮಾನದ ಉಳಿತಾಯವೆಲ್ಲ ಈ ಗೋಡೆಗಳೊಳಗೆ ಹೋಗಲಿದೆ. ಇಂದು ಹತ್ತು ಗಂಟೆಗೆ ಮುಂಗಡ ಕೊಡುವ ಮುಹೂರ್ತ. ಪಕ್ಕದ ಮನೆಯವರಿಂದ ಸುಲೋಚನಾ ಅವರ ಹೆಸರು ಕೇಳಿ, ಗಂಡನನ್ನು ನಸುಕಿನಲ್ಲೇ ಎಬ್ಬಿಸಿ ಕರೆತಂದವರು ಅನಸೂಯಾ.

"ಮೂವತ್ತು ವರ್ಷದ ಋಣಭಾರ ಪತ್ರ ನಾನೇ ಕೂತು ಓದಿದೀನಿ ಕಣಮ್ಮ. ಒಂದು ಕಾಮಾ ತಪ್ಪಿಲ್ಲ. ಇಂಜಿನಿಯರ್ ಸರ್ಟಿಫಿಕೇಟೂ ಇದೆ," ಎನ್ನುತ್ತಾರೆ ರಮಾಕಾಂತ.

"ಕಾಗದ ಛಲೋ ಅದರಿ ಸಾಹೇಬ್ರ. ಆದ್ರ ನೀವು ಮಲಗೂದು ಕಾಗದದ ಕೆಳಗಲ್ಲ."

ಈ ಒಂದು ತಪ್ಪನ್ನು ಸುಲೋಚನಾ ಎಂಟು ವರ್ಷಗಳಿಂದ ನೋಡುತ್ತ ಬಂದಿದ್ದಾರೆ. ಅನ್ಯರ ಸಾಲದ ಅರ್ಜಿಯಲ್ಲಿ ಕೂದಲು ಸೀಳುವ ಜನ, ತಾವು ಮನೆ ಕೊಳ್ಳುವಾಗ ಕ್ರಯಪತ್ರವನ್ನು ಹತ್ತು ಸಲ ಓದುತ್ತಾರೆ. ತಲೆಯೆತ್ತಿ ಸೂರನ್ನು ಒಂದು ಸಲವೂ ನೋಡುವುದಿಲ್ಲ. ಭಾನುವಾರ ಊಟ ಮುಗಿಸಿ, ಬಿಸಿಲು ಬಲಿತ ಮೇಲೆ, ದಲ್ಲಾಳಿ ಹೇಳಿದ ಹೊತ್ತಿಗೇ ಬರುತ್ತಾರೆ. ಆ ವೇಳೆಗೆ ರಾತ್ರಿಯ ತೇವವೆಲ್ಲ ಆರಿ ಗೋಡೆ ಸಜ್ಜನನಂತೆ ನಿಂತಿರುತ್ತದೆ. "ಹೊತ್ತೇರಿದ ಮ್ಯಾಲ ಎಲ್ಲಾ ಗ್ವಾಡಿನೂ ಛಲೋನೇ ಇರ್ತಾವ್ರಿ," ಎನ್ನುವ ಸುಲೋಚನಾ ನಸುಕಿನಲ್ಲಲ್ಲದೆ ಯಾವ ಮನೆಯನ್ನೂ ನೋಡುವುದಿಲ್ಲ. ಕಪಾಟನ್ನು ಎಳೆದು ಅದರ ಬೆನ್ನು ನೋಡುತ್ತಾರೆ. ಬಚ್ಚಲಿಗೆ ಹೋಗುವ ಮೊದಲು ಬಚ್ಚಲ ಗೋಡೆಯ ಆಚೆಗಿನ ಕೋಣೆಗೆ ಹೋಗುತ್ತಾರೆ. ನೀರು ಸುಳ್ಳು ಹೇಳುವುದು ಈಚೆ, ನಿಜ ಹೇಳುವುದು ಆಚೆ ಎಂಬುದು ಅವರು ಕಂಡುಕೊಂಡ ಸತ್ಯ. ಬಾಗಿಲ ಚೌಕಟ್ಟಿನ ಬುಡವನ್ನು ಬೆರಳಲ್ಲಿ ಒತ್ತಿ ಗೆದ್ದಲನ್ನು ಹುಡುಕುತ್ತಾರೆ. ಮಾಳಿಗೆಯಲ್ಲಿ ನಾಲ್ಕು ಕೊಡ ನೀರು ಸುರಿದು, ಅದು ಎಲ್ಲಿ ನಿಲ್ಲುತ್ತದೆಂದು ಕುಕ್ಕರಗಾಲಲ್ಲಿ ಕುಳಿತು ಕಾಯುತ್ತಾರೆ.

ಅಷ್ಟರಲ್ಲಿ, ಬಾಗಿಲು ತೆಗೆದುಕೊಟ್ಟ ಕಾವಲುಗಾರನಿಂದ ಸುದ್ದಿ ತಿಳಿದ ದಲ್ಲಾಳಿ ಅಪ್ಪಲರಾಜು ಸ್ಕೂಟರಿನಲ್ಲಿ ಧಾವಿಸಿ ಬರುತ್ತಾನೆ. ಸುಲೋಚನಾ ಇನ್ನೊಂದು ಕೋಣೆಯ ಪುಡಿಯನ್ನು ನಾಲಗೆಗಿಡುವುದನ್ನು ಕಂಡು ನಗುತ್ತಾನೆ. "ಏಮಮ್ಮಾ, ಪೊದ್ದುನ್ನೇ ಟಿಫನ್ ದೊರಕಲೇದಾ? ಗೋಡ ತಿಂಟುನ್ನಾವು!" ಬೆಳಗಿನ ತಿಂಡಿ ಸಿಗದೆ ಗೋಡೆಯನ್ನೇ ತಿನ್ನುತ್ತಿದ್ದೀಯಾ ಎಂಬ ಕುಚೋದ್ಯಕ್ಕೆ ಸುಲೋಚನಾ ತಿರುಗಿಯೂ ನೋಡುವುದಿಲ್ಲ. ಚೀಲದಿಂದ ಗಾಜಿನ ಗೋಲಿಯೊಂದನ್ನು ತೆಗೆದು ನೆಲದ ನಡುವೆ ಇಡುತ್ತಾರೆ. ಗೋಲಿ ಕ್ಷಣಕಾಲ ನಿಂತು, ಈಶಾನ್ಯದ ಮೂಲೆಗೆ ಉರುಳಿ, ಗೋಡೆಗೆ ಬಡಿದು ಟಣ್ಣೆನ್ನುತ್ತದೆ.

"ನೋಡಿ ಸಾರ್! ಈಶಾನ್ಯಕ್ಕೆ ಇಳಿಜಾರು! ವಾಸ್ತು ಚಾಲಾ ಬಾಗುಂದಿ," ಎಂದು ಅಪ್ಪಲರಾಜು, ವಾಸ್ತು ಬಲು ಚೆನ್ನಾಗಿದೆಯೆಂಬ ಖುಷಿಯಲ್ಲಿ, ಕೈ ಮುಗಿಯುತ್ತಾನೆ.

ರಮಾಕಾಂತ ತಲೆದೂಗುತ್ತಾರೆ. ಸುಲೋಚನಾ ಅವರ ಮುಖ ಕೆಂಪಾಗುತ್ತದೆ.

"ಯಪ್ಪಾ, ಬುನಾದಿ ಕುಸದದ! ಕುಸದದ್ದಕ್ಕ ಕೈ ಮುಗೀತಿಯಲ್ಲೋ, ನಾಚಿಕಿ ಬರಂಗಿಲ್ಲೇನು ನಿನಗ?"

ಈ ಸಿಟ್ಟು ಇಂದಿನದಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಬಳಿಯ ಹಳ್ಳಿಯಿಂದ, ಮದುವೆಯಾದ ವರ್ಷವೇ, ಗಂಡ ಅಶ್ವತ್ಥನ ಜೊತೆ ಅವರು ವಿಶಾಖಪಟ್ಟಣಕ್ಕೆ ಬಂದದ್ದು ೧೯೮೪ರಲ್ಲಿ. ಉಕ್ಕಿನ ಕಾರ್ಖಾನೆಯ ನೌಕರರಿಗೆ ಮನೆಗಳು ಏಳುತ್ತಿದ್ದ ಕಾಲ. ಗಂಡ ಗಾರೆ ಕೆಲಸದವನು. ಹೆಂಡತಿ ಸಿಮೆಂಟು ಕಲಸಿ, ತಲೆಯ ಮೇಲೆ ಹೊತ್ತು ಏಣಿ ಹತ್ತುವವಳು. ಹದಿನಾಲ್ಕು ವರ್ಷ ಹೊತ್ತ ಭಾರಕ್ಕೆ ಅವರ ಕುತ್ತಿಗೆ ಇಂದಿಗೂ ಎಡಕ್ಕೆ ಪೂರ್ತಿ ತಿರುಗುವುದಿಲ್ಲ.

೧೯೯೮ರಲ್ಲಿ ಗುತ್ತಿಗೆದಾರನೊಬ್ಬ ಇಬ್ಬರನ್ನೂ ವಿಜಯವಾಡದ ಕಡೆಗೆ, ಇಬ್ರಾಹಿಂಪಟ್ನಂಗೆ ಕರೆದೊಯ್ದ. ಅಲ್ಲೊಂದು ಹಳೆಯ ಮನೆ. ಮೇಲಿನ ಬಚ್ಚಲು ವರ್ಷಗಟ್ಟಲೆ ಸೋರಿ, ಕೆಳಗಿನ ಕೋಣೆಯ ಸೂರು ಕೊಳೆತಿತ್ತು. ಕೊಳ್ಳುವವರು ಸೋಮವಾರ ನೋಡಲು ಬರಲಿದ್ದರು. ಅಷ್ಟರೊಳಗೆ ಸೂರಿಗೆ ಹೊಸ ಗಾರೆ ಬಳಿದು ಮುಚ್ಚಬೇಕಿತ್ತು. ಸುಲೋಚನಾ ಸಿಮೆಂಟು ಕಲಸಿದರು. ಅಶ್ವತ್ಥ ಹಲಗೆ ಹತ್ತಿ, ಹಳೆಯ ಗಾರೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿದ. ಸೂರಿನ ಅರ್ಧ ಅವನ ಮೇಲೆ ಬಂತು. ಆಸ್ಪತ್ರೆ ತಲುಪುವ ಮುನ್ನವೇ ಅವನು ತೀರಿಕೊಂಡ.

ಸುಲೋಚನಾ ಇದನ್ನು ಅಳುತ್ತ ಹೇಳುವುದಿಲ್ಲ. ಹಲ್ಲು ಕಚ್ಚಿ ಹೇಳುತ್ತಾರೆ. "ಕಲಸಿದ ಸಿಮೆಂಟಿನ ಮಾಲು ಬಿಗಿ ಆಗ್ತದಂತ, ತಾಸಿನ ಒಳಗ ಬ್ಯಾರೆ ಮೇಸ್ತ್ರಿನ್ನ ಕರಿಸಿ ಸೂರಿಗೆ ಬಡಿಸಿಬಿಟ್ರು. ನನ್ನ ಗಂಡನ್ನ ಎತ್ತಿಕೊಂಡು ಹೋಗಿದ್ದು ಒಂದು ಬಾಗ್ಲಾಗ, ಆ ಮೇಸ್ತ್ರಿ ಬಂದಿದ್ದು ಇನ್ನೊಂದು ಬಾಗ್ಲಾಗ. ಸೋಮವಾರ ಬಂದವ್ರು ಸೂರು ಎಷ್ಟು ಬೆಳ್ಳಗದ ಅಂದ್ರಂತ. ಮನಿ ಮಾರಿ ಹೋತು."

ಅಂದಿನಿಂದ ಅವರು ಯಾರ ಮನೆಗೂ ಗಾರೆ ಕಲಸಿಲ್ಲ. ವಿಶಾಖಪಟ್ಟಣಕ್ಕೆ ಮರಳಿ, ಮನೆ ನೋಡುವ ಈ ಕೆಲಸ ಹಿಡಿದರು. ಈ ಕೆಲಸಕ್ಕೆ ಒಂದು ಹೆಸರೂ ಇಲ್ಲ. ದಿಕ್ಕು ನೋಡಿ ಹೋಗುವವರಿಗೆ ಹಣ್ಣು, ತಾಂಬೂಲ, ಶಾಲು ಸಲ್ಲುತ್ತವೆ. ಕಾರಿನಿಂದ ಕೆಳಗಿಳಿಯದೆ ಸರ್ಟಿಫಿಕೇಟ್ ಬರೆಯುವವರಿಗೆ ಕುರ್ಚಿ, ಕಾಫಿ. ಗೋಡೆಯ ಉಪ್ಪನ್ನು ತಾನು ತಿಂದು ಅನ್ಯರ ತಲೆ ಕಾಯುವ ಹೆಂಗಸಿಗೆ ಹಿತ್ತಿಲ ಬಾಗಿಲು! ಈವರೆಗೆ ಅವರು ನೋಡಿದ ಮನೆಗಳು ಇನ್ನೂರ ಹದಿನಾಲ್ಕು. ಕೊಳ್ಳಬೇಡಿ ಎಂದದ್ದು ಅರವತ್ತೊಂದಕ್ಕೆ. ಮಾತು ಕೇಳಿದವರು ಇಪ್ಪತ್ತೆರಡು ಮಂದಿ. ಮಿಕ್ಕ ಮೂವತ್ತೊಂಬತ್ತು ಸೂರುಗಳ ಕೆಳಗೆ ಈಗಲೂ ಜನ ಉಂಡು ಮಲಗುತ್ತಿದ್ದಾರೆ.

ಭೀಮುನಿಪಟ್ಟಣದ ಮನೆಯಲ್ಲಿ ಏಳು ಗಂಟೆಯಾಗಿದೆ. "ಅಕ್ಕಾರ, ಮಂಚ ಎಲ್ಲಿ ಹಾಕಸ್ತೀರಿ?" ಎಂದು ಸುಲೋಚನಾ ಕೇಳುತ್ತಾರೆ. ಅನಸೂಯಾ ಕಿಟಕಿಯ ಬಳಿ ಜಾಗ ತೋರಿಸುತ್ತಾರೆ. "ಇಲ್ಲಿ. ಸಮುದ್ರದ ಗಾಳಿ ಬರುತ್ತಲ್ಲ."

"ಹಂಗಾರ ಎಲ್ಲಾರೂ ಹಿಂದಕ ಸರೀರಿ. ಚೌಕಟ್ಟಿನ ಕೆಳಗ ನಿಂದರ್ರಿ. ಏ ಅಪ್ಪಲರಾಜು, ನೀನೂ!"

ಅವರು ಗದರಿದ ರೀತಿಗೆ ದಲ್ಲಾಳಿಯೂ ಹಿಂದೆ ಸರಿಯುತ್ತಾನೆ. ಗೋಡೆಗೆ ಒತ್ತಿ ನಿಂತು, ಉದ್ದನೆಯ ಬಿದಿರ ಗಳುವಿನಿಂದ ಸುಲೋಚನಾ ಸೂರನ್ನು ಮುಟ್ಟುತ್ತಾರೆ. ಹೊಡೆಯುವುದಿಲ್ಲ, ಬಾಗಿಲು ತಟ್ಟುವಂತೆ ಎರಡು ಸಲ ತಟ್ಟುತ್ತಾರೆ. ಮೊದಲ ಸಲ ಟೊಳ್ಳು ಸದ್ದು. ಎರಡನೆಯ ಸಲಕ್ಕೆ ಊಟದ ತಟ್ಟೆಯಗಲದ ಗಾರೆಯ ಚಕ್ಕೆಯೊಂದು ಕಳಚಿ, ಅನಸೂಯಾ ಮಂಚಕ್ಕೆ ಗೊತ್ತುಮಾಡಿದ ಜಾಗದಲ್ಲೇ ಬಿದ್ದು ಪುಡಿಯಾಗುತ್ತದೆ. ಮೇಲೆ ಕಾಣುವುದು ಕಬ್ಬಿಣವಲ್ಲ. ಪದರು ಪದರಾಗಿ ಉಬ್ಬಿದ ಕೆಂಪು ತುಕ್ಕು.

"ರಿಪೇರಿ ಖರ್ಚು ಎವರು ಇಸ್ತಾರು?" ಎಂದು ಅಪ್ಪಲರಾಜು ದುರಸ್ತಿಯ ಖರ್ಚಿಗಾಗಿ ಕೂಗಾಡುತ್ತಾನೆ. ಅನಸೂಯಾ ಗಂಡನ ತೋಳನ್ನು ಬಿಗಿಯಾಗಿ ಹಿಡಿದಿದ್ದಾರೆ. ರಮಾಕಾಂತ ಕಂಕುಳಲ್ಲಿದ್ದ ಕಾಗದದ ಕಟ್ಟನ್ನು ಒಮ್ಮೆ, ಸೂರನ್ನು ಒಮ್ಮೆ ನೋಡಿ, "ನಡಿ ಅನಸೂಯಾ," ಎನ್ನುತ್ತಾರೆ. ಹತ್ತು ಗಂಟೆಯ ಮುಹೂರ್ತ ಆ ಮಾತಿನೊಂದಿಗೇ ಮುಗಿಯುತ್ತದೆ.

ಬೀದಿಯ ತಿರುವಿನ ಚಹಾದಂಗಡಿಯಲ್ಲಿ ಸುಲೋಚನಾ ಬಾಯಿ ಮುಕ್ಕಳಿಸಿ ಕೂತ ಮೇಲೆ, ರಮಾಕಾಂತ ತಾವೇ ಲೋಟ ತಂದು ಅವರ ಕೈಗೆ ಕೊಡುತ್ತಾರೆ. ಕೂಲಿ ಕೊಟ್ಟು, ಮತ್ತೇನು ಕೊಡಲೆಂದು ಕೇಳುತ್ತಾರೆ. ಸುಲೋಚನಾ ಲೋಟ ಕೆಳಗಿಟ್ಟು, ಅಶ್ವತ್ಥ ಸತ್ತ ಬಗೆಯನ್ನು ಅವರಿಗೂ ಹೇಳುತ್ತಾರೆ.

"ಆ ಇಬ್ರಾಹಿಂಪಟ್ನಂ ಮನ್ಯಾಗ ಈಗ ಒಂದು ಸಂಸಾರ ಅದರಿ. ನನ್ನ ಗಂಡ ಸತ್ತ ದಿನ ಪ್ರತಿ ವರ್ಷಾ ಹೋಗ್ತೀನಿ. ಆ ಕ್ವಾಣ್ಯಾಗ ಯಾರೂ ಮಲಗಬ್ಯಾಡ್ರಿ, ಒಂದ್ಸಲ ನೋಡಾಕ ಬಿಡ್ರಿ ಅಂತೀನಿ. ಎಂಟು ವರ್ಷ ಆತು. ಹುಚ್ಚಿ ಅಂತ ಬಾಗ್ಲಾ ಹಾಕ್ಕೊಂತಾರ."

ರಮಾಕಾಂತ ತಲೆ ತಗ್ಗಿಸುತ್ತಾರೆ. "ಬರೋ ವಾರ ವಿಜಯವಾಡದಲ್ಲಿ ನನಗೆ ಮೀಟಿಂಗ್ ಇದೆ. ಜೊತೇಲಿ ಬನ್ನಿ. ನಾನೇ ಮಾತಾಡ್ತೀನಿ."

ಕಣಮ್ಮ ಎನ್ನುತ್ತಿದ್ದವರು ಬನ್ನಿ ಎಂದದ್ದನ್ನು ಸುಲೋಚನಾ ಗಮನಿಸದೆ ಇಲ್ಲ. ಆದರೂ ಕಣ್ಣಿನ ಕಿಡಿ ಆರುವುದಿಲ್ಲ.

"ಬರ್ತೀನ್ರಿ. ನಿಮ್ಮ ಇಸ್ತ್ರಿ ಅಂಗಿ ನೋಡಿ ಬಾಗ್ಲಾ ತಗೀತಾರ, ನನಗ ಗೊತ್ತದ. ತಗೀಲಿ. ಒಳಗ ಹೋದ ಮ್ಯಾಲ ನೀವು ಚೌಕಟ್ಟಿನ ಕೆಳಗ ನಿಂದರ್ರಿ, ಅವರ್ನೂ ನಿಂದರಸ್ರಿ." ಸಿಮೆಂಟು ತಿಂದು ಬಿರಿದ ಬಲಗೈಯನ್ನು ಅವರು ಮುಂದೆ ಚಾಚುತ್ತಾರೆ. "ಆ ಮಾಲು ಕಲಸಿದ್ದು ಈ ಕೈ. ಅದನ್ನ ಕಿತ್ತಿ ತಗೀಬೇಕಾದ್ದೂ ಇದೇ ಕೈ."