ಹಿಂದಕ್ಕೆ ಹೋದ ಮುಳ್ಳು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮರ್ಯಾದೆ ಒಂದು ಮೀಟರಿನ ಮುಳ್ಳಿನ ತುದಿಯಲ್ಲಿ ಕೂತಿತ್ತು. ಮುಳ್ಳು ಬಲಕ್ಕೆ ಹೋದರೆ ಮರ್ಯಾದೆ ಉಂಟು, ಎಡಕ್ಕೆ ಹೋದರೆ ಇಲ್ಲ. ಅದು ಎಡಕ್ಕೆ ಹೋಯಿತು.

ಅಪ್ಪ ಸಾಗರದಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ, ಲೈಸೆನ್ಸು ಪಡೆದು ರೇಡಿಯೋದಲ್ಲಿ ದೂರದೂರಿನವರೊಡನೆ ಮಾತನಾಡುವ ಹವ್ಯಾಸಿ. ದನಿ ಇನ್ನೂ ದೂರ ಹೋಗಲೆಂದು ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿದ. ಅದರ ದೊಡ್ಡ ಗಾಜಿನ ವಾಲ್ವು ಹೊತ್ತಿದರೆ ಕಿತ್ತಳೆ ಬೆಳಕು. ಕೋಣೆ ತುಂಬ ಕಾದ ಧೂಳಿನ ವಾಸನೆ. ವಾಲ್ವಿನೊಳಗೆ ಸ್ಕ್ರೀನ್ ಗ್ರಿಡ್ ಎಂಬ ತಂತಿಯ ಜಾಲರಿ ಇರುತ್ತದೆ. ಅದರ ಕರೆಂಟು ಅಳೆಯಲು ರಿಪ್ಪನ್‌ಪೇಟೆಯ ರೇಡಿಯೋ ಅಂಗಡಿಯ ಮಾಮನಿಂದ ಹಳೆಯ ಮೀಟರೊಂದನ್ನು ತಂದಿದ್ದ.

ಸ್ವಿಚ್ಚು ಹಾಕಿದ್ದೇ ತಡ, ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಸರಿದು ಅಲ್ಲೇ ನಡುಗಿತು. ಸೊನ್ನೆಗಿಂತ ಕಡಿಮೆ ಕರೆಂಟು ಉಂಟೇ? ಅಪ್ಪನ ತೀರ್ಪು ಕೂಡಲೇ ಹೊರಬಿತ್ತು: ಮೀಟರು ಕೆಟ್ಟದ್ದು, ಮಾರಿದವನು ಮೋಸಗಾರ.

ಮರುದಿನ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಅಂಗಡಿಯ ಪಕ್ಕದ ಚಹಾದ ಬೆಂಚಿನ ತುಂಬ ಜನ.

"ಹಳೇದು ಅಂದ್ರೆ ಕೆಟ್ಟದ್ದು ಅಂತ ಅರ್ಥವೇನ್ರೀ? ಇದು ಶುದ್ಧ ಮೋಸ!"

ಅಪ್ಪನ ದನಿಗೆ ಆಂಪ್ಲಿಫೈಯರ್ ಬೇಕಿರಲಿಲ್ಲ. ಮಾಮನ ಕಿವಿ ಕೆಂಪಾಯಿತು. "ನೋಡಿಯೇ ಕೊಟ್ಟಿದ್ದೆ ಮೇಷ್ಟ್ರೇ" ಎಂದಷ್ಟೇ ಹೇಳಿ ಬೇರೆ ಮೀಟರು ಕೊಟ್ಟ. ರಿಪೇರಿಗೆಂದು ರೇಡಿಯೋ ತಂದಿದ್ದ ಗಿರಾಕಿಯೊಬ್ಬರು ಅದನ್ನು ಮತ್ತೆ ಬಗಲಿಗೇರಿಸಿ ಹೊರಟೇಬಿಟ್ಟರು.

ಮನೆಯಲ್ಲಿ ಹೊಸ ಮೀಟರಿನ ಮುಳ್ಳೂ ಹಿಂದಕ್ಕೇ ಹೋಯಿತು.

"ಅಪ್ಪಾ, ಎರಡೂ ಮೀಟ್ರು ಮಾತಾಡಿಕೊಂಡು ಸುಳ್ಳು ಹೇಳ್ತಾವಾ?" ಅಂದಳು ಅಕ್ಕ.

ಅಪ್ಪ ಊಟ ಬಿಟ್ಟು ವಾಲ್ವುಗಳ ಪುಸ್ತಕ ತೆರೆದ. ಉತ್ತರ ಅದರಲ್ಲೇ ಇತ್ತು. ಮರಕ್ಕೆ ಒಂದು ಕಲ್ಲು ಬೀಸಿದರೆ ನಾಲ್ಕು ಮಾವಿನಕಾಯಿ ಉದುರುವುದಿಲ್ಲವೇ? ಹಾಗೆಯೇ ಎಲೆಕ್ಟ್ರಾನುಗಳು ಜಾಲರಿಗೆ ಜೋರಾಗಿ ಬಡಿದಾಗ ಜಾಲರಿಯ ಎಲೆಕ್ಟ್ರಾನುಗಳೇ ಕಿತ್ತುಕೊಂಡು ಹೊರಬೀಳುತ್ತವೆ. ಬಂದದ್ದಕ್ಕಿಂತ ಹೋದದ್ದು ಹೆಚ್ಚಾದರೆ ಕರೆಂಟು ಹಿಂದಕ್ಕೆ ಹರಿಯುತ್ತದೆ. ಮುಳ್ಳು ನಿಜವನ್ನೇ ಹೇಳಿತ್ತು. ಅಪ್ಪ ಪುಸ್ತಕ ಮುಚ್ಚಿದ.

ಬೆಳಿಗ್ಗೆ ಮತ್ತೆ ಅದೇ ಬಸ್ಸು.

"ಈಗ ಎಂತದ್ದು ಕೆಟ್ಟಿತು ಮೇಷ್ಟ್ರೇ?" ಎಂದ ಮಾಮ.

"ಮೀಟ್ರು ಸರಿಯಿತ್ತು ಮಾರಾಯ್ರೆ. ನಂಗೇ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ನಂಗೆ ಹೇಳಿ ಎಂತ ಮಾಡ್ತೀರಿ? ನಿನ್ನೆ ಬೆಂಚಲ್ಲಿ ಕೂತು ಕೇಳಿದ್ರಲ್ಲ, ಅವ್ರಿಗೆ ಹೇಳಿ."

ಬೆಂಚು ಖಾಲಿಯಿತ್ತು. ಅಪ್ಪ ಅಲ್ಲೇ ಹೋಗಿ ಕೂತ. ಬಸ್ಸು ಬಂದಾಗಲೆಲ್ಲ ಎದ್ದು ನಿಂತು, ಚಹಾಕ್ಕೆ ಬಂದವರಿಗೆಲ್ಲ ಪಾಠದ ಗಾಂಭೀರ್ಯದಿಂದ ಸ್ಕ್ರೀನ್ ಗ್ರಿಡ್ಡು, ಮಾವಿನಕಾಯಿ, ತನ್ನ ತಪ್ಪು ಎಲ್ಲವನ್ನೂ ವಿವರಿಸಿದ. "ಮೇಷ್ಟ್ರಿಗೆ ಬಿಸಿಲು ಹೊಡೀತಾ ಹೆಂಗೆ?" ಎಂದು ಯಾರೋ ನಕ್ಕರು. ನಾನು ನನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದೆ.

ಸಂಜೆ, ರೇಡಿಯೋ ಬಗಲಿಗೇರಿಸಿ ಹೋಗಿದ್ದ ಆ ಗಿರಾಕಿ ಚಹಾಕ್ಕೆ ಬಂದರು. ಅಪ್ಪನ ಮಾತನ್ನು ಪೂರ್ತಿ ಕೇಳಿದರು. "ಹೌದಾ? ನಾ ರೇಡಿಯೋನ ರಿಪೇರಿಗೆ ತೀರ್ಥಹಳ್ಳಿಯ ಅಂಗಡಿಗೆ ಕೊಟ್ಟು ಕಳಿಸಿಯಾಯ್ತಲ್ಲ! ಇವ್ರು ಮೋಸ ಮಾಡ್ತಾರೆ ಅಂತ ಅಲ್ಲಿಯೂ ಹೇಳಿ ಕಳಿಸಿದೆ" ಎಂದರು. ಮಾಮ ತಲೆ ಎತ್ತದೆ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದ. ಅಪ್ಪ ನನ್ನ ಕೈ ಹಿಡಿದುಕೊಂಡ.

ಮಕ್ಕಳೇ, ನಿಮಗೀಗ ಸಾಮಾನು ಸರಿಯಿಲ್ಲವೆನಿಸಿದರೆ ಕೂತಲ್ಲೇ ಫೋನಿನಲ್ಲಿ ಒಂದೇ ನಕ್ಷತ್ರ ಒತ್ತುತ್ತೀರಿ. ಬೇಡವೆನಿಸಿದರೆ ಅದನ್ನು ಅಳಿಸಲೂ ಬರುತ್ತದಂತೆ. ಬಹಳ ಒಳ್ಳೆಯ ಏರ್ಪಾಡು. ನಮ್ಮಪ್ಪ ತನ್ನ ಒಂದು ಮಾತನ್ನು ಅಳಿಸಲು ಬಸ್ಸು ಹತ್ತಿ ಹೋದ. ಅಷ್ಟರಲ್ಲಿ ಅದು ತೀರ್ಥಹಳ್ಳಿ ತಲುಪಿತ್ತು.