ಒಂದು ಸಾಲು ಕೆಳಗಿಳಿದ ‘ದಿವಂಗತ’

ವಸಂತಿ, ಮರ್ಕಂಜದ ಆ ಮನೆತನದ ವಂಶಾವಳಿ ಪುಸ್ತಕದಲ್ಲಿ ಬದುಕಿದ್ದ ಅಜ್ಜಿಯನ್ನು ಸಾಯಿಸಿದವಳು ನೀನಲ್ಲ. ನಾನು. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕೆ!

ಪುತ್ತೂರಿನ ಆ ಮುದ್ರಣಾಲಯದಲ್ಲಿ ನಾನು ಹಳಬ, ನೀನು ಮೊನ್ನೆ ಮೊನ್ನೆ ಬಂದವಳು. ಆದರೂ ಮೌಸ್ ಮುಟ್ಟದೆ ಕೀಲಿಗಳಲ್ಲೇ ನಡೆಯುವ ಆ ಎಡಿಟರ್ ತಂತ್ರಾಂಶವನ್ನು ನನಗೆ ಕಲಿಸಿದವಳು ನೀನು. ಬೇರೆ ಕಡೆ ಅಂಟಿಸಲು ಒತ್ತುವ ಕಂಟ್ರೋಲ್-‘ವಿ’ಯನ್ನೇ ಇದರಲ್ಲಿ ಒತ್ತಿ ಕೆಳಗಿಳಿದರೆ ಬೇಕಾದ ಕಾಲಂ ಮಾತ್ರ ಬಣ್ಣ ಬದಲಿಸುತ್ತಿತ್ತು. ಅದನ್ನು ಕತ್ತರಿಸಿ ಬೇರೆಡೆ ಇಡಬಹುದಿತ್ತು. “ಇಡುವ ಮೊದಲು ಕರ್ಸರ್ ಯಾವ ಸಾಲಲ್ಲಿ ಉಂಟು ನೋಡಿ ಅಣ್ಣ,” ಎನ್ನುತ್ತಿದ್ದೆ ನೀನು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಸರಿನ ನಂತರ ಇದ್ದ ‘ದಿವಂಗತ’ದ ಕಾಲಂ ಹೆಸರಿಗಿಂತ ಮೊದಲು ಬರಬೇಕೆಂದು ಆ ಮನೆಯವರು ಕೇಳಿದರು. ನೀನು ಊಟಕ್ಕೆ ಹೋಗಿದ್ದೆ. ಇವಳಿಲ್ಲದಿದ್ದರೆ ಏನು ಮಹಾ ಎಂದು ನಾನೇ ಕೂತೆ. ಕತ್ತರಿಸಿದೆ, ಇಟ್ಟೆ — ಕರ್ಸರ್ ಒಂದು ಸಾಲು ಕೆಳಗಿತ್ತು. ಸತ್ತ ಗಂಡನ ‘ದಿವಂಗತ’ ಕೆಳಗಿನ ಸಾಲಿನ ಹೆಂಡತಿಯ ಪಾಲಾಯಿತು. ಹಾಗೆಯೇ ಅಚ್ಚಾಯಿತು.

“ಎಂತ ಮಾರಾಯ್ರೆ ಇದು? ಅಮ್ಮ ಮನೆಯಲ್ಲಿ ಗಂಜಿ ಉಣ್ತಾ ಇದ್ದಾರೆ!” — ಅಜ್ಜಿಯ ಮಗನ ಕೂಗು ಅಂಗಳದಲ್ಲಿ ಕೇಳಿದ್ದೇ, ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಆ ಫೈಲನ್ನು ಮುಚ್ಚಿಬಿಟ್ಟೆ. ಮಾಲೀಕರು ಕೇಳಿದಾಗ ಹೇಳಿದೆ: “ಕಾಲಂ ಕೆಲಸ ಎಲ್ಲ ವಸಂತಿಯೇ ಮಾಡುದು.”

“ಅಣ್ಣನ ಕಂಪ್ಯೂಟರಲ್ಲಿ ಆ ಫೈಲನ್ನು ಅನ್‌ಡೂ ಮಾಡ್ತಾ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ನೋಡಿ, ಯಾರು ಇಟ್ಟದ್ದಂತ ಗೊತ್ತಾಗ್ತದೆ,” ಎಂದೆ ನೀನು. ಪಾಪ, ಅಷ್ಟು ನಂಬಿಕೆ! ಫೈಲು ಮುಚ್ಚಿದೊಡನೆ ಆ ಹೆಜ್ಜೆಗಳೆಲ್ಲ ಅಳಿಸಿಹೋಗಿದ್ದವು; ಹಿಂದೆ ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ಸಂಜೆಯೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ಊರಿನ ಇನ್ನೊಂದು ಮುದ್ರಣಾಲಯವೂ ನಿನ್ನನ್ನು ಸೇರಿಸಿಕೊಳ್ಳಲಿಲ್ಲ — ಬದುಕಿದ್ದವರನ್ನು ಸಾಯಿಸುವವಳು ಎಂದು ತಮಾಷೆ ಮಾಡಿದರಂತೆ. ಆ ತಮಾಷೆಗೆ ನಾನೂ ನಕ್ಕಿದ್ದೆ.

ಮೊನ್ನೆ ಕುಂಬ್ರದ ಬಟ್ಟೆ ಅಂಗಡಿಯಲ್ಲಿ ನೀನು ಸೀರೆ ಮಡಚುತ್ತಿದ್ದೆ. “ಎಡಿಟರ್ ಈಗ ಅಭ್ಯಾಸ ಆಯ್ತಾ ಅಣ್ಣ?” ಎಂದು ನಗುತ್ತಲೇ ಕೇಳಿದೆ. ಆಯಿತು ವಸಂತಿ. ನೀನು ಕಲಿಸಿದ್ದರಿಂದಲೇ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ.

ನಾಳೆ ಮಾಲೀಕರಿಗೆ ಹೇಳುತ್ತೇನೆ. ಆಮೇಲೆ ಆ ಮನೆಯವರಿಗೂ ಹೇಳಲು ಮರ್ಕಂಜಕ್ಕೆ ಹೋಗುತ್ತೇನೆ. ಆದರೆ ಅಜ್ಜಿ ಕಳೆದ ವರ್ಷ ನಿಜವಾಗಿಯೂ ತೀರಿಕೊಂಡರು — ಕೊನೆಯವರೆಗೂ ನಿನ್ನ ಹೆಸರು ಹಿಡಿದೇ ಶಪಿಸುತ್ತಿದ್ದರಂತೆ.