ಎರಡನೆಯ ಪ್ರತಿಯ ಮೇಲಿನ ಸೀಲು

ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಟಪಾಲು ವಿಭಾಗ ನೋಡಿಕೊಂಡವಳು ನಾನು. ದಿಲ್ಲಿಯ ಕಚೇರಿಗಳಲ್ಲಿ ಒಂದು ಪದ್ಧತಿ: ಕಾಗದ ಕೊಟ್ಟರೆ ಅದರ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಅದನ್ನು ‘ರಿಸೀವಿಂಗ್’ ಎನ್ನುತ್ತಾರೆ. ಅದಿಲ್ಲದ ಕಾಗದ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ನೋಯ್ಡಾದ ಕಂಪನಿಯಲ್ಲಿದ್ದ ಮಗಳು ಬಸುರಿಯಾದಾಗ, ಹೆರಿಗೆ ರಜೆಯ ಅರ್ಜಿಯನ್ನು ಎರಡು ಪ್ರತಿ ಮಾಡಿಸಿದೆ.

“ಅಮ್ಮಾ, ಮೇಲ್ ಮಾಡಿದೀನಲ್ಲ, ಬಸ್, ಅಷ್ಟು ಸಾಕು! ಸೀಲು ಹಾಕಿ ಅಂದ್ರೆ ಎಲ್ಲರೂ ನಗ್ತಾರೆ.”

“ನಗಲಿ. ನಗ್ತಾ ನಗ್ತಾನೇ ಹಾಕಲಿ.”

ಗೊಣಗುತ್ತಲೇ ಹಾಕಿಸಿಕೊಂಡು ಬಂದಳು. ಮೂರೇ ವಾರಕ್ಕೆ ಅವಳನ್ನು ಕೆಲಸದಿಂದ ತೆಗೆದರು. ಕೆಲಸ ತೃಪ್ತಿಕರವಾಗಿಲ್ಲವಂತೆ. ಅದೇ ಮಧ್ಯಾಹ್ನ ಆಫೀಸಿನ ಮೇಲ್ ಖಾತೆಯನ್ನೂ ಮುಚ್ಚಿದರು. ಕಳಿಸಿದ್ದೆಲ್ಲ ಅದರೊಳಗೇ ಉಳಿಯಿತು. ಆರು ವರ್ಷ ದುಡಿದವಳು ಊಟದ ಮೇಜಿಗೆ ತಲೆಯಾನಿಸಿ, “ನಾನು ನಿಜವಾಗ್ಲೂ ಅಷ್ಟು ಬೇಕಾರಾ, ಕೆಲಸಕ್ಕೆ ಬಾರದವಳಾ ಅಮ್ಮಾ?” ಎಂದಳು. ಕೆಲಸ ಹೋದದ್ದಕ್ಕಿಂತ ಆ ಪ್ರಶ್ನೆ ನನ್ನನ್ನು ಕೆರಳಿಸಿತು. ಅಳುವುದಕ್ಕೆ ಹತ್ತು ನಿಮಿಷ ಕೊಟ್ಟೆ. ಆಮೇಲೆ ದೂರು ಬರೆಯಲು ಕೂರಿಸಿದೆ.

ಪೀತಮ್‌ಪುರದ ನಮ್ಮ ಮನೆಯಿಂದ ನೋಯ್ಡಾದ ಕಾರ್ಮಿಕ ಇಲಾಖೆಗೆ ಮೆಟ್ರೋದಲ್ಲಿ ಏಳು ಸಲ ಹೋದೆವು. ಐದನೆಯ ಸಲಕ್ಕೆ ಮೊಮ್ಮಗಳು ನನ್ನ ಮಡಿಲಲ್ಲಿದ್ದಳು. ನಮ್ಮ ವಕೀಲೆ ಜಾಣೆ. ಸೀಲಿನ ಪ್ರತಿಯನ್ನು ಮೊದಲೇ ತೋರಿಸಲಿಲ್ಲ. ‘ತೆಗೆದಾಗ ಆಕೆ ಬಸುರಿಯೆಂದು ನಮಗೆ ಗೊತ್ತೇ ಇರಲಿಲ್ಲ’ ಎಂದು ಕಂಪನಿಯವರು ಬರೆದುಕೊಡುವವರೆಗೂ ಕಾದು, ಆಮೇಲೆ ಮೇಜಿನ ಮೇಲಿಟ್ಟರು.

ವಿಚಾರಣೆಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ತಾರೀಖು ಓದಿದರು. ಸೀಲನ್ನು ಕಂಪನಿಯ ವಕೀಲರತ್ತ ತಿರುಗಿಸಿ, “ವಕೀಲ್ ಸಾಹಬ್, ಯೇ ಮೊಹರ್ ಆಪ್ ಹೀ ಕೀ ಹೈ ನಾ?” ಎಂದು, ಮೊಹರು ಅವರದೇ ತಾನೇ ಎಂದು ಕೇಳಿದರು. ವಕೀಲರು ನೀರು ಕುಡಿದರು. ಮಗಳು ನನ್ನ ಕೈಯನ್ನು ಬಳೆ ಮುರಿಯುವಷ್ಟು ಬಿಗಿಯಾಗಿ ಹಿಡಿದಳು.

ಅದೇ ಹುದ್ದೆಗೆ ವಾಪಸು ತೆಗೆದುಕೊಳ್ಳಬೇಕು, ದಾಖಲೆಯಲ್ಲಿ ಬರೆದ ಟೀಕೆಯನ್ನು ಹೊಡೆದುಹಾಕಬೇಕು ಎಂದು ಆದೇಶವಾಯಿತು.

ವಾಪಸು ಹೋದ ಮೊದಲ ದಿನವೇ ಮಧ್ಯಾಹ್ನ ಫೋನು.

“ಅಮ್ಮಾ, ನನ್ನ ಟೀಮಿನ ಹುಡುಗಿಗೆ ನಾಲ್ಕನೇ ತಿಂಗಳು. ಹೆದರಿ ಯಾರಿಗೂ ಹೇಳಿಲ್ಲ. ಅರ್ಜಿ ಹೇಗೆ ಬರೀಬೇಕು ಅಂತ ಕೇಳ್ತಿದಾಳೆ.”

“ಶನಿವಾರ ಹತ್ತು ಗಂಟೆಗೆ ಮನೆಗೆ ಬರಹೇಳು. ಲೇಟು ಮಾಡಬಾರದು.”

ಹತ್ತಕ್ಕೆ ಐದು ನಿಮಿಷವಿರುವಾಗಲೇ ಆ ಹುಡುಗಿ ಬಂದಳು. ಇನ್ನೂ ಇಬ್ಬರನ್ನು ಜೊತೆಗೆ ಕರೆತಂದಿದ್ದಳು.